ಹಣ್ಣಿನ ಗಿಡದ ಸೊಪ್ಪು

ಮಂಜುಳಾ, ಅವತ್ತು ನಿಮ್ಮ ಮನೆಯ ರೇಷ್ಮೆಹುಳ ಸತ್ತದ್ದು ನಿನ್ನ ಮುಟ್ಟಿನಿಂದಲ್ಲ, ನಾನು ಕೊಟ್ಟ ಸೊಪ್ಪಿನಿಂದ. ಆ ಸೊಪ್ಪಿಗೆ ನಾನು ಔಷಧಿ ಹೊಡೆದಿದ್ದೆ. ಹೊಡೆದಿಲ್ಲ ಎಂದು ನಿನ್ನ ಮುಖ ನೋಡಿಕೊಂಡೇ ಹೇಳಿದೆ. ಇಷ್ಟು ವರ್ಷ ಪಕ್ಕದ ಮನೆಯಲ್ಲೇ ಇದ್ದುಕೊಂಡು, ನಿನ್ನ ಕೈಯಿಂದ ಹೂವು ಇಸಿದುಕೊಂಡು, ನೀನು ಕೊಟ್ಟ ಮಜ್ಜಿಗೆ ಕುಡಿದುಕೊಂಡು — ಬಾಯಿ ಬಿಡಲಿಲ್ಲ.

ನನ್ನ ಹಿತ್ತಿಲಿನ ಹುಚ್ಚು ನಮ್ಮ ಉಡಿಗಾಲದ ಊರಿಗೆಲ್ಲ ಗೊತ್ತಿತ್ತು. ಈ ಬಿಸಿಲಿಗೆ ಸ್ಟ್ರಾಬೆರಿ ಬರುವುದಿಲ್ಲ ಎಂದವರ ಎದುರು ಬೆಳೆದು ತೋರಿಸಬೇಕೆಂಬ ಹಟ ನನಗೆ. ಊಟಿಯಿಂದ ಸಸಿ ತರಿಸಿ, ನುಗ್ಗೆಮರದ ನೆರಳಲ್ಲಿ ಕುಂಡಕ್ಕೆ ಹಾಕಿ, ಬುಡಕ್ಕೆ ಒಣಹುಲ್ಲು ಹೊದಿಸಿ ಸಾಕಿದೆ. ಉಗುರಿನಷ್ಟು ಹಣ್ಣು ಬಿಟ್ಟವು, ಬೇಸಿಗೆಗೆ ಸುಟ್ಟುಹೋದವು. ಕೈ ಹಿಡಿದದ್ದು ಹಿಪ್ಪುನೇರಳೆ. ನೀವೆಲ್ಲ ಹುಳದ ಸೊಪ್ಪಿಗೆಂದು ಬೆಳೆಸುವ ಜಾತಿಯದಲ್ಲ, ಬೆರಳುದ್ದ ಹಣ್ಣು ಬಿಡುವಂಥದ್ದು. ಕೊಂಬೆ ಕತ್ತರಿಸಿ, ಎಲೆ ಪೂರಾ ಕಿತ್ತು ನೀರು ಕೊಟ್ಟರೆ ಚಿಗುರಿನ ಜೊತೆಗೇ ಕಾಯಿ ಕಚ್ಚುತ್ತಿತ್ತು. ಬೀದಿಯ ಮಕ್ಕಳಿಗೆಲ್ಲ ಹಂಚುತ್ತಿದ್ದೆ. ಒಂದು ತೊಟ್ಟು ಔಷಧಿಯಿಲ್ಲ, ತೊಳೆಯದೇ ತಿನ್ನಿ ಎಂದು ಬೀಗುತ್ತಿದ್ದೆ. ಗುಂಡ್ಲುಪೇಟೆಯಿಂದ ಬಂದ ನೆಂಟರಿಗೂ ಅದೇ ಜಂಬ.

ಆ ವರ್ಷ ಗಿಡಕ್ಕೆಲ್ಲ ಬಿಳಿ ತಿಗಣೆ ಹತ್ತಿತು. ಬೂದಿ ಎರಚಿದೆ, ಬೇವಿನೆಣ್ಣೆ ಹೊಡೆದೆ — ಜಗ್ಗಲಿಲ್ಲ. ಚಾಮರಾಜನಗರದ ಅಂಗಡಿಯಿಂದ ಔಷಧಿ ತಂದು, ಬೀದಿ ಏಳುವ ಮೊದಲೇ ಹೊಡೆದು, ಬಾಟಲಿಯನ್ನು ತಿಪ್ಪೆಯಲ್ಲಿ ಹೂತೆ. ಗಿಡದಲ್ಲಿ ಹಣ್ಣಿರಲಿಲ್ಲ, ಯಾರಿಗೇನು ತೊಂದರೆ ಅಂದುಕೊಂಡೆ.

ನೀನು ಆಗಿನ್ನೂ ಭೀಮನಬೀಡಿನಿಂದ ಬಂದ ಹೊಸ ಸೊಸೆ. ನಿಮ್ಮತ್ತೆ ಸಿದ್ದಮ್ಮ ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ, ಅಂಥವಳೇ "ನಮ್ ಮಂಜಿ ಕೈಗೆ ಉಳ ಒಲ್ದವೆ" ಎನ್ನುತ್ತಿದ್ದಳು. ಹುಳ ಕಡೇ ಜ್ವರ ಬಿಟ್ಟು, ಪೊರೆ ಕಳಚಿ ಎದ್ದು, ಎಷ್ಟು ಹಾಕಿದರೂ ಮೇಯುವ ಹೊತ್ತದು. ನಿಮ್ಮ ತೋಟದ ಸೊಪ್ಪು ಸಾಲದೆ ನೀನು ಮಂಕರಿ ಹಿಡಿದು ನನ್ನ ಹಿತ್ತಿಲಿಗೆ ಬಂದೆ. ಬೀದಿಯ ಇಬ್ಬರು ಹೆಂಗಸರು ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಅಕ್ಕ, ಎಂಗೂ ಎಲೆ ಕೀಳ್ತೀರಲ್ಲ, ಉಳಕ್ಕೆ ಕೊಡಿ. ಔಸ್ದಿ ಏನೂ ಒಡ್ದಿಲ್ಲ ತಾನೆ?"

"ನಮ್ಮನೆ ಗಿಡಕ್ಕೆ ಔಸ್ದಿಯಾ? ಚೆಂದಾಗ್ ಕೇಳ್ದೆ ಕಣಮ್ಮಿ. ಕಿತ್ಕೊಂಡೋಗು."

ಹೊಡೆದು ವಾರದ ಮೇಲಾಗಿತ್ತು, ನಡುವೆ ಒಂದು ಮಳೆಯೂ ಬಿದ್ದಿತ್ತು, ತೊಳೆದುಹೋಗಿರುತ್ತದೆ ಎಂದು... ಇಲ್ಲ, ಅದೂ ಸುಳ್ಳು. ಆ ಲೆಕ್ಕ ಹಾಕಿದ್ದು ಆಮೇಲೆ. ಆ ಹೊತ್ತಿನಲ್ಲಿ ನನಗೆ ಬೇಕಿದ್ದದ್ದು ಒಂದೇ — ಆ ಇಬ್ಬರು ಹೆಂಗಸರ ಮುಂದೆ ನನ್ನ ಹೆಸರು ಹೋಗಬಾರದು.

ಮರುದಿನ ಹುಳ ತಲೆಯೆತ್ತಿ ಒದ್ದಾಡಿ, ಹಸಿರು ಕಕ್ಕಿ, ತಟ್ಟೆಗಳಲ್ಲೇ ಸತ್ತವು. ನಿಮ್ಮತ್ತೆ ಮೊದಲು ಸೊಪ್ಪನ್ನೇ ಮೂಸಿ ನೋಡಿದಳು. ರತ್ನಕ್ಕನ ಗಿಡಕ್ಕೆ ಔಷಧಿ ಸೋಕಿಲ್ಲ, ನಮ್ಮೆದುರಿಗೇ ಹೇಳಿದಳು ಎಂದು ಆ ಹೆಂಗಸರೇ ಸಾಕ್ಷಿ ನುಡಿದರು. ಆಗ ನಿಮ್ಮತ್ತೆ ನಿನ್ನ ಕಡೆ ತಿರುಗಿದಳು.

"ಒರಗಾಗಿದ್ಯಾ? ದಿಟ ಏಳ್ಬುಡು."

ಮುಟ್ಟಾದವಳು ಹುಳದ ಮನೆಯ ಹೊಸಿಲು ದಾಟಬಾರದು ಅನ್ನುವುದು ನಮ್ಮ ಕಡೆ ಮನೆಮನೆಯ ಕಟ್ಟಳೆ. ನೀನು ತಲೆ ತಗ್ಗಿಸಿದೆ. "ನೆನ್ನೆ ಆದೆ ಅತ್ತೆ. ಸೊಪ್ಪಾಕೋರು ಯಾರೂ ಇರ್ನಿಲ್ಲ, ಅಸ್ಕೊಂಡಿದ್ವು... ತಪ್ಪಾಯ್ತು."

ನಾನು ಬಾಗಿಲಲ್ಲೇ ನಿಂತಿದ್ದೆ. ನೀನು ತಪ್ಪು ಒಪ್ಪಿಕೊಂಡದ್ದನ್ನು ಕೇಳಿ ನನಗೆ — ಹೇಳಲು ನಾಚಿಕೆ — ಸಮಾಧಾನವಾಯಿತು.

ಅಂದಿನಿಂದ ನೀನು ಹುಳದ ಮನೆಯೊಳಗೆ ಕಾಲಿಟ್ಟಿಲ್ಲ. ಸೊಪ್ಪು ಕೊಯ್ದು ತಂದು ಹೊಸಿಲಾಚೆ ಇಳಿಸುತ್ತೀ, ಒಳಗೆ ಹಾಕುವವರು ಬೇರೆ. ಸಿದ್ದಮ್ಮ ಬೈಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು, ನೀನು ಮಾತ್ರ ನಿನ್ನನ್ನು ಬಿಟ್ಟಿಲ್ಲ. ನಾವಿಬ್ಬರೂ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗ ನೀನು ತಪ್ಪುಕಾಣಿಕೆ ಹಾಕಿದೆ. ಯಾತಕ್ಕೆ ಎಂದು ನಾನು ಕೇಳಲಿಲ್ಲ. ಗೊತ್ತಿತ್ತಲ್ಲ. ಕಣ್ಣು ಮುಚ್ಚಿ ಕೈ ಮುಗಿದು ನಿಂತುಬಿಟ್ಟೆ, ದೊಡ್ಡ ಭಕ್ತೆಯ ಹಾಗೆ.

ಈಗ ನಿನ್ನ ಮಗಳು ಕಾವ್ಯ ದೊಡ್ಡವಳಾಗಿದ್ದಾಳೆ. ಆರತಿಗೆ ನಾನೂ ಬಂದಿದ್ದೆ. ಮೊನ್ನೆ ಅವಳು ಹುಳ ನೋಡಬೇಕೆಂದು ಹೊರಟಾಗ ನೀನು ತಡೆದದ್ದು ಬೇಲಿಯಾಚೆ ನನಗೆ ಕೇಳಿಸಿತು.

"ಆ ಕಡೀಕ್ ಓಗ್ಬೇಡ ಕಣಮ್ಮಿ. ನನ್ ಮೈ ಒಳ್ಳೇದಲ್ಲ. ನಿಂಗೂ ಅದೇ ಬಂದಿರ್ತದೆ."

ಆ ಹುಡುಗಿ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಿತು. ಮಂಜುಳಾ, ನಿನಗೆ ಮಾಡಿದ್ದನ್ನು ನಾನು ನುಂಗಿಕೊಂಡು ಬದುಕಿದೆ. ಇದನ್ನೂ ನುಂಗಿದರೆ ನಾನು ಮನುಷ್ಯಳೇ ಅಲ್ಲ.

ನಿನ್ನೊಬ್ಬಳ ಕಿವಿಯಲ್ಲಿ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ನೀನು ತಲೆ ತಗ್ಗಿಸಿದ್ದು ಎಲ್ಲರ ಮುಂದೆ. ಅವರೆಕಾಯಿ ಬಿಡಿಸುತ್ತಿದ್ದ ಆ ಇಬ್ಬರನ್ನೂ ಕರೆದುಕೊಂಡು ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಸಿದ್ದಮ್ಮನ ಮುಂದೆ ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಬೀದಿಯಲ್ಲೇ ನಿಂತು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ನನ್ನ ಜೊತೆ ಮಾತು ಬಿಟ್ಟರೆ ಅದೂ ಸರಿಯೇ.

ನಾಳೆ ಕಾವ್ಯಳನ್ನು ಮಾತ್ರ ಸ್ಕೂಲಿಗೆ ಕಳಿಸಬೇಡ. ಅವಳು ಕೇಳಬೇಕು.