ಮುಚ್ಚಳವಿಲ್ಲದ ಐದು ಕ್ಯಾನುಗಳು

ಹಸುಗೂಸಿನ ಅಂಗಾಲು ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು ನೋಡಲು ಅಂಗೈ ಸಾಲದು, ಕೈಯ ಹಿಂಬದಿಯೇ ಆಗಬೇಕು. ನೆಲ ಒರಸಿ, ಬಟ್ಟೆ ಹಿಂಡಿ ಒರಟಾದ ಅಂಗೈಗೆ ಅಷ್ಟು ಸಣ್ಣ ಬಿಸಿ ತಿಳಿಯುವುದಿಲ್ಲ. ಇದನ್ನು ಕಂಬಳಿಯಕ್ಕನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀರು ಹೆಪ್ಪುಗಟ್ಟುವ ಚಳಿಯ ಆ ಊರಿನ ಆಸ್ಪತ್ರೆಯ ಹಸುಗೂಸುಗಳ ವಾರ್ಡಿಗೆ ಆಯಾ ಆಗಿ ಸೇರಿದ ಮೊದಲ ಚಳಿಗಾಲದಲ್ಲಿ ಅವಳೇ ಕಂಡುಕೊಂಡದ್ದು. ಆಮೇಲೆ ಇಪ್ಪತ್ತೊಂಬತ್ತು ವರ್ಷ ಅವಳು ಮಾಡಿದ್ದು ಅದೇ ಕೆಲಸ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಟೋಪಿ ಹಾಕುವುದು, ಹೀಟರಿನ ಮೇಲೆ ಬಟ್ಟೆ ಕಾಯಿಸಿ ಸುತ್ತುವುದು, ಕಿಟಕಿಯ ಸಂದಿಗೆ ಚಿಂದಿ ತುರುಕುವುದು. ಅವಳಿಗೆ ಕಂಬಳಿಯಕ್ಕ ಎಂದು ಹೆಸರಿಟ್ಟವರು ವಾರ್ಡಿನ ನರ್ಸುಗಳು. ಡ್ಯೂಟಿ ಡಾಕ್ಟರು ಕುರ್ಚಿಯಲ್ಲಿ ತೂಕಡಿಸಿದರೂ ಸಾಕು, ಇವಳು ಟೋಪಿ ಹಾಕಿಬಿಡುತ್ತಾಳೆ ಎಂದು ನಗುತ್ತಿದ್ದರು. ಒಮ್ಮೆ ನಿಜವಾಗಿಯೂ ಒಬ್ಬರ ಹೆಗಲಿಗೆ ಶಾಲು ಹೊದೆಸಿದ್ದಳು.

ಆ ಬುದ್ಧಿ ಆಸ್ಪತ್ರೆಯಲ್ಲಿ ಬಂದದ್ದಲ್ಲ. ಅವಳಿಗೆ ಏಳು ವರ್ಷವಿದ್ದಾಗ ತಂಗಿ ಹುಟ್ಟಿದಳು. ಅವ್ವ ಕೆಲಸಕ್ಕೆ ಹೋದರೆ ಕೂಸು ಇವಳ ಸೊಂಟಕ್ಕೆ. ಎಲ್ಲಿ ತಂಗಿಗೆ ಶೀತವಾದೀತೋ ಎಂದು ಒಂದರ ಮೇಲೊಂದು ಅಂಗಿ ಹಾಕಿ, ಬೇಸಿಗೆಯಲ್ಲೂ ಕಿವಿ ಮುಚ್ಚಿ ಕಟ್ಟುತ್ತಿದ್ದಳು. ತಂಗಿ ನಡೆಯಲು ಕಲಿತ ಮೇಲೆ ಮೊದಲು ಮಾಡಿದ ಕೆಲಸ ಆ ಕಟ್ಟು ಕಿತ್ತೆಸೆದು ಅಂಗಳಕ್ಕೆ ಓಡಿದ್ದು. ಬದುಕಿಡೀ ಅಕ್ಕ ಹೊದೆಸುತ್ತ ಹೋದಳು, ತಂಗಿ ಕಿತ್ತೆಸೆಯುತ್ತ ಹೋದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಇಬ್ಬರೂ ಒಬ್ಬರ ಮೇಲೊಬ್ಬರು ಹೇಳಿಕೊಳ್ಳುತ್ತಿದ್ದರು.

ತಂಗಿ ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡು, ಬಾಡಿಗೆಗಿದ್ದ ಮನೆಯನ್ನು ಕೆಡವಿ ಅಲ್ಲಿ ಗೋದಾಮು ಕಟ್ಟಿದಾಗ, ಮಗಳೊಡನೆ ಅಕ್ಕನ ಎರಡು ಕೋಣೆಯ ಮನೆಗೇ ಬಂದಳು. ಹಳೆಯ ಮನೆಯ ಬೇಲಿಯುದ್ದಕ್ಕೂ ಅವಳು ಬೆಳೆಸುತ್ತಿದ್ದ ಒಂದು ನೀಲಿ ಹೂ ಇತ್ತು. ಮೊಣಕಾಲುದ್ದದ ಗಿಡ, ಕಡ್ಡಿಯ ತುಂಬ ಹೂ, ಪ್ರತಿ ಹೂವಿನ ಹಿಂದೆ ಬಾಲದಂಥ ಸಣ್ಣ ಕೊಂಬು. ಬೀಜದಂಗಡಿಯವನು ಅದಕ್ಕೆ ಬೇರೇನೋ ಹೆಸರು ಹೇಳುತ್ತಿದ್ದ, ಅವನ ಡಬ್ಬಿಯಲ್ಲಿದ್ದ ಬೀಜ ಹಾಕಿದರೆ ಬಿಳಿಚಿಕೊಂಡ ಬಣ್ಣ ಬರುತ್ತಿತ್ತು. ತಂಗಿಯ ನೀಲಿ ಶಾಯಿಯ ನೀಲಿ. ಬೇಲಿಯ ಜೊತೆ ಗಿಡಗಳೂ ಹೋದವು. ಕಿತ್ತು ತಂದ ಒಣ ಕಾಯಿಗಳಲ್ಲಿದ್ದ ಬೀಜ ಮಾತ್ರ ಉಳಿಯಿತು. ಮನೆ ಬಿಟ್ಟ ಮರುವರ್ಷವೇ ಅವಳ ಶ್ವಾಸಕೋಶಕ್ಕೆ ರೋಗ ಬಂತು. ಬೀಜ ಹಾಕುವ ಚಳಿಗಾಲವನ್ನು ಅವಳು ಹಾಸಿಗೆಯಲ್ಲೇ ಕಳೆದಳು.

ಎರಡನೆಯ ಚಳಿ ಶುರುವಾಗುವ ಹೊತ್ತಿಗೆ ಅವಳಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಆಗ ಅಕ್ಕ ಕೆಲಸಕ್ಕೆ ರಜೆ ಹಾಕಿ ಪಕ್ಕದಲ್ಲೇ ಕೂತಿದ್ದಳು.

"ಅಕ್ಕಾ, ಆ ಕಿಟಕಿ ತೆಗಿಯೇ. ಸ್ವಲ್ಪ ಗಾಳಿ ಬರ್ಲಿ."

"ಹೊರಗೆ ಹೆಂಗೆ ಚಳಿ ಇದೆ ಗೊತ್ತಾ? ಎದೆಗೆ ಹಿಡ್ಕೊಳ್ಳುತ್ತೆ."

"ಹಿಡ್ಕೊಳ್ಳೋಕೆ ಇನ್ನೇನು ಉಳಿದಿದೆ ಈ ಎದೇಲಿ?"

ಕಂಬಳಿಯಕ್ಕ ಇನ್ನೊಂದು ಹೊದಿಕೆ ತಂದು ಹೊದೆಸಿದಳು. ತಂಗಿ ಕಣ್ಣು ಮುಚ್ಚಿಕೊಂಡಳು. ಮರುದಿನವೂ ಕೇಳಿದಳು, ಅದರ ಮರುದಿನವೂ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಅದೇ ವಾರ ದಿಂಬಿನಡಿಯಿಂದ ಒಂದು ಪೊಟ್ಟಣ ತೆಗೆದು ಕೊಟ್ಟಳು. ಮುದ್ರಣಾಲಯದ ಹಾಳುಹಾಳೆಯಲ್ಲಿ ಮಡಿಸಿದ್ದು, ಅಂಟಿಲ್ಲದೆ ಬರೀ ಮಡಿಕೆಯಿಂದಲೇ ಬಿಗಿಯಾಗಿ ನಿಂತಿತ್ತು.

"ಇದನ್ನ ನೀನೇ ಹಾಕ್ಬೇಕು. ಹಾಲಿನ ಪ್ಲಾಸ್ಟಿಕ್ ಕ್ಯಾನು ತಗೊ, ಬೆಳಕು ಹಾಯೋ ಅಂಥದ್ದು. ಸೊಂಟಕ್ಕೆ ಸರಿಯಾಗಿ ಕೊಯ್ಯಿ. ಪೂರ್ತಿ ಕೊಯ್ಬೇಡ, ಹಿಡಿ ಹತ್ರ ನಾಕು ಬೆರಳು ಬಿಡು, ಬಾಗಿಲಿನ ಥರ ತೆಗೆದು ಮುಚ್ಚೋಕೆ. ತಳಕ್ಕೆ ಮೊಳೆ ಕಾಯಿಸಿ ತೂತು ಹೊಡಿ. ಮಣ್ಣು ಹಾಕಿ, ನೀರು ಹಾಕಿ, ಬೀಜ ಉದುರಿಸಿ, ಮೇಲೊಂದಿಷ್ಟು ಮಣ್ಣು. ಟೇಪ್ ಸುತ್ತಿ ಹಿತ್ತಲಲ್ಲಿ ಇಟ್ಬಿಡು."

"ಮುಚ್ಚಳ?"

"ಎಸೆದ್ಬಿಡು. ಬಾಯಿ ತೆರೆದೇ ಇರ್ಬೇಕು. ಮಳೆ ಬಿದ್ರೆ ಬೀಳ್ಲಿ, ಇಬ್ಬನಿ ಬಿದ್ರೆ ಬೀಳ್ಲಿ, ಹೆಪ್ಪುಗಟ್ಟಿದ್ರೆ ಗಟ್ಲಿ. ಚಳಿ ತಿಂದೇ ಅದು ಮೊಳೆಯೋದು." ಉಸಿರು ಎಳೆದುಕೊಳ್ಳಲು ಅವಳು ಸ್ವಲ್ಪ ಹೊತ್ತು ತೆಗೆದುಕೊಂಡಳು. "ಒಳಗೆ ತರ್ಬೇಡ ಅಕ್ಕಾ. ಏನೇ ಆದ್ರೂ ಒಳಗೆ ತರ್ಬೇಡ."

"ತರಲ್ಲ ಬಿಡೇ."

"ನಿನ್ನ ಮಾತು," ಎಂದು ತಂಗಿ ನಕ್ಕಳು. ಹತ್ತು ದಿನದ ಮೇಲೆ ತೀರಿಕೊಂಡಳು. ಕಿಟಕಿ ಮುಚ್ಚಿಯೇ ಇತ್ತು.

ತಂಗಿಯ ಮಗಳು ಈಗ ಬಸ್ ಕಂಡಕ್ಟರ್. ಬೇರೆ ಊರಿನ ಡಿಪೋದಲ್ಲಿ ಕೆಲಸ, ವಾರಕ್ಕೊಂದು ದಿನ ರಜೆ ಇದ್ದಾಗ ದೊಡ್ಡಮ್ಮನ ಮನೆಗೆ ಬರುತ್ತಿದ್ದಳು. ತಾಯಿ ಹೋಗಿ ತಿಂಗಳಾದ ಮೇಲೆ, ರಜೆಯ ದಿನವೊಂದರಲ್ಲಿ ಇಬ್ಬರೂ ಕೂತು ಬೀಜ ಹಾಕಿದರು. ಕ್ಯಾನುಗಳನ್ನು ಕೊಟ್ಟವನು ಆಸ್ಪತ್ರೆಯ ಅಡುಗೆಯವನು. "ಏನಕ್ಕಾ, ಖಾಲಿ ಕ್ಯಾನು ಕೇಳ್ತಿದ್ದೀಯ, ಇದಕ್ಕೂ ಟೋಪಿ ಹೊಲೀತೀಯಾ?" ಎಂದು ಕೇಳಿದ. ಮುಚ್ಚಳಗಳನ್ನು ಎಸೆಯಬೇಕಂತೆ ಎಂದು ಅವಳು ಹೇಳಿದ್ದಕ್ಕೆ, "ನೀನು? ಮುಚ್ಚಳ ಎಸೆಯೋಳು?" ಎಂದು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿಕೊಂಡ. ಕಂಬಳಿಯಕ್ಕ ಐದು ಮುಚ್ಚಳಗಳನ್ನೂ ಎಸೆಯಲಿಲ್ಲ. ಸ್ವೆಟರಿನ ಜೇಬಿಗೆ ಹಾಕಿಕೊಂಡಳು.

ಹಿತ್ತಲೆಂದರೆ ಗೋಡೆಗಳ ನಡುವೆ ನಾಲ್ಕು ಹೆಜ್ಜೆಯಷ್ಟು ಜಾಗ, ಒಂದು ನಲ್ಲಿ, ಒಂದು ಬಟ್ಟೆ ಹಗ್ಗ. ಐದು ಕ್ಯಾನುಗಳು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತವು. ಮೂರನೆಯ ದಿನ ಬೆಳಿಗ್ಗೆ ನಲ್ಲಿಯಡಿಯ ಬಕೆಟ್ಟಿನಲ್ಲಿ ನೀರು ಗಾಜಿನಂತೆ ಗಟ್ಟಿಯಾಗಿತ್ತು. ಕಂಬಳಿಯಕ್ಕ ಬಗ್ಗಿ ಮೊದಲ ಕ್ಯಾನಿನ ಮೈಗೆ ಕೈಯ ಹಿಂಬದಿ ತಾಗಿಸಿದಳು. ಅಭ್ಯಾಸ. ಆ ಚಳಿ ಮೊಣಕೈವರೆಗೂ ಏರಿತು. ವಾರ್ಡಿನಲ್ಲಿ ಅಷ್ಟು ತಣ್ಣಗಿನ ಅಂಗಾಲನ್ನು ಅವಳು ಮುಟ್ಟಿದ್ದು ಮೂರೇ ಸಲ, ಮೂರು ಸಲವೂ ಡಾಕ್ಟರನ್ನು ಕೂಗುವ ಅಗತ್ಯ ಉಳಿದಿರಲಿಲ್ಲ.

ಅವಳು ಕ್ಯಾನುಗಳನ್ನು ಒಳಗೆ ತಂದಳು.

ಒಂದೇ ದಿನಕ್ಕೆ ಎಂದುಕೊಂಡಿದ್ದಳು. ಹೀಟರಿನ ಪಕ್ಕ ಸಾಲಾಗಿ ಇಟ್ಟು, ಜೇಬಿನಿಂದ ಮುಚ್ಚಳ ತೆಗೆದು ತಿರುಗಿಸಿದಳು. ಹೊರಗಿನ ಚಳಿ ಇಳಿಯಲಿಲ್ಲ, ಕ್ಯಾನುಗಳೂ ಹೊರಗೆ ಹೋಗಲಿಲ್ಲ. ಹುಡುಗಿ ಬರುವ ದಿನ ಮಾತ್ರ ಬೆಳಿಗ್ಗೆ ಬೇಗ ಎದ್ದು ಐದನ್ನೂ ಹಿತ್ತಲಿಗೆ ಸಾಗಿಸಿ, ಮುಚ್ಚಳ ಬಿಚ್ಚಿ, ಏನೂ ಗೊತ್ತಿಲ್ಲದವಳಂತೆ ಕೂರುತ್ತಿದ್ದಳು. ಸಂಜೆ ಹುಡುಗಿಯ ಬಸ್ಸು ಹೊರಟಿತೆಂದರೆ ಮತ್ತೆ ಒಳಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾಲ್ಕು ವಾರ ನಡೆಯಿತು.

ಐದನೆಯ ವಾರ ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ಹೀಟರಿನ ಮುಂದೆ ಕೈ ಕಾಯಿಸಲು ಕೂತಳು. ನೆಲ ನೋಡಿದಳು. ಸಿಮೆಂಟಿನ ಮೇಲೆ ಚೌಕಾಕಾರದ ಐದು ನೀರಿನ ಕಲೆಗಳು, ಅಳತೆ ಹಿಡಿದು ಇಟ್ಟಂತೆ ಸಾಲಾಗಿದ್ದವು. ಅವಳು ಎದ್ದು ಹಿತ್ತಲಿಗೆ ಹೋಗಿ ಒಂದು ಕ್ಯಾನಿನ ಟೇಪ್ ಬಿಚ್ಚಿದಳು. ಮಣ್ಣಿನ ಮೇಲೆ ಹತ್ತಿಯಂಥ ಬೂಷ್ಟು ಹಬ್ಬಿತ್ತು. ಬೆರಳಿನಿಂದ ಕೆದಕಿ ಒಂದು ಬೀಜ ತೆಗೆದು ಹಿಸುಕಿದಳು. ಮೆತ್ತಗೆ ಹೋಯಿತು. ಉಳಿದ ನಾಲ್ಕನ್ನೂ ಬಿಚ್ಚಿ ನೋಡಿದಳು.

ಕಂಬಳಿಯಕ್ಕ ಹೊಸ್ತಿಲ ಮೇಲೆ ನಿಂತಿದ್ದಳು. "ಐದೂನಾ?" ಎಂದು ಕೇಳಿದಳು.

"ಐದೂ."

"ನಿಮ್ಮಮ್ಮನ ಹೂ ನಾನೇ ಹಾಳು ಮಾಡ್ದೆ ಕಣೇ. ಬೇಲಿ ಕೆಡವಿದವ್ರ ಕೈಯಿಂದ ಉಳಿದಿದ್ದನ್ನ ನಾನು ಹಾಳು ಮಾಡ್ದೆ."

ಹುಡುಗಿ ಕೈ ತೊಳೆದುಕೊಂಡು ಒಳಗೆ ಬಂದಳು. ಟಿಕೆಟ್ ಚೀಲ ತೆರೆದು ಒಳಜೇಬಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಅದೇ ಹಾಳುಹಾಳೆ, ಅದೇ ಮಡಿಕೆ. ಮೇಲೆ ತಂಗಿಯ ಅಕ್ಷರದಲ್ಲಿ 'ಎರಡನೇ ಸಲಕ್ಕೆ' ಎಂದಿತ್ತು.

"ಅಮ್ಮ ಅರ್ಧ ಬೀಜ ನನ್ನ ಹತ್ರ ಕೊಟ್ಟಿದ್ಲು. 'ಮೊದಲನೇದನ್ನ ದೊಡ್ಡಮ್ಮ ಒಳಗೆ ತಂದೇ ತರ್ತಾಳೆ. ಬೈಬೇಡ. ಹಾಳಾದ್ಮೇಲೆ ಇದನ್ನ ಕೊಡು' ಅಂದಿದ್ಲು."

ಕಂಬಳಿಯಕ್ಕನಿಗೆ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರಾಯಿತು. ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು ತನ್ನನ್ನು ಇಷ್ಟು ಅಳೆದಿತ್ತೇ?

"ಮೂರನೇದು ಇದೆಯಾ?"

"ಇಲ್ಲ ದೊಡ್ಡಮ್ಮ. ಇದೇ ಕೊನೆ. ಇದೂ ಹೋದ್ರೆ ಅಮ್ಮನ ನೀಲಿ ಎಲ್ಲೂ ಇಲ್ಲ."

ಕಂಬಳಿಯಕ್ಕ, ಇಷ್ಟು ದಿನ ಯಾರನ್ನೂ ಕೇಳದ ಮಾತು ಕೇಳಿದಳು. "ಕಿಟಕಿ ವಿಷಯ ಏನಾದ್ರೂ ಹೇಳಿದ್ಲಾ?"

ಹುಡುಗಿ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೇಳು ಪರವಾಗಿಲ್ಲ."

"'ಅಕ್ಕ ಕಿಟಕಿ ಮುಚ್ಚಿರೋದು ಅವಳ ಭಯಕ್ಕೆ, ನನ್ನ ಚಳಿಗಲ್ಲ' ಅಂದ್ಲು. ಬೇಜಾರಲ್ಲಿ ಹೇಳಲಿಲ್ಲ. ಹಾಗೇ ಅಂದ್ಲು."

ಕಂಬಳಿಯಕ್ಕ ಎದ್ದು ಕ್ಯಾನುಗಳನ್ನು ಖಾಲಿ ಮಾಡಿ, ಕುದಿಯುವ ನೀರಿನಿಂದ ತೊಳೆದು, ವಾರ್ಡಿನ ಬಾಟಲಿಗಳಂತೆ ಬೋರಲು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಹೊಸ ಮಣ್ಣು ತುಂಬಿ, ಕೊನೆಯ ಪೊಟ್ಟಣವನ್ನು ಬಿಡಿಸಿ, ಐದಕ್ಕೂ ಬೀಜ ಉದುರಿಸಿದರು. ಹುಡುಗಿ ಹೊರಡುವಾಗ ಏನೂ ಮಾತು ತೆಗೆದುಕೊಳ್ಳಲಿಲ್ಲ. ದೊಡ್ಡಮ್ಮನೇ ಜೇಬಿಗೆ ಕೈ ಹಾಕಿ ಐದು ಮುಚ್ಚಳಗಳನ್ನು ತೆಗೆದು ಅವಳ ಟಿಕೆಟ್ ಚೀಲಕ್ಕೆ ಸುರಿದಳು. "ದಾರೀಲಿ ಎಲ್ಲಾದ್ರೂ ಕಸದ ಬುಟ್ಟಿಗೆ ಹಾಕು. ನನ್ನ ಕಣ್ಣಿಗೆ ಬೀಳೋ ಕಡೆ ಹಾಕ್ಬೇಡ."

ಉಳಿದ ಚಳಿಗಾಲವನ್ನು ಕಳೆಯುವುದು ಅವಳಿಗೆ ಸುಲಭವಾಗಲಿಲ್ಲ. ಹಿತ್ತಲ ಬಾಗಿಲಿನ ಅಗುಳಿ ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದಳು. ಎರಡು ಸಲ ಕ್ಯಾನನ್ನು ಎತ್ತಿಕೊಂಡು ಹೊಸ್ತಿಲವರೆಗೂ ಬಂದು ತಿರುಗಿ ಹೋಗಿ ಇಟ್ಟಳು. ಒಂದು ಸಂಜೆ ಮಂಜು ಸುರಿದು ಕ್ಯಾನುಗಳ ಬಾಯಿ ಬಿಳಿಯಾಗಿ ಮುಚ್ಚಿಹೋಯಿತು. ಗುಡಿಸಲು ಹೋದವಳು ಕೈ ಹಿಂದೆ ಕಟ್ಟಿಕೊಂಡು ನಿಂತಳು. ವಾರ್ಡಿನಲ್ಲಿ ಅವಳ ಮುಖ ನೋಡಿ, "ಯಾರಿಗೆ ಹುಷಾರಿಲ್ಲ ಅಕ್ಕಾ?" ಎಂದು ಅಡುಗೆಯವನು ಕೇಳಿದ. "ಯಾರಿಗೂ ಇಲ್ಲ. ಹೊರಗೆ ಬಿಟ್ಟಿದ್ದೀನಿ," ಎಂದಳು. ಅವನಿಗೆ ಅರ್ಥವಾಯಿತೋ ಇಲ್ಲವೋ, ಅತಿಯಾದ್ರೆ ಅಮೃತಾನೂ ವಿಷ ಕಣಕ್ಕಾ ಎಂದು ಲೋಟದ ತುಂಬ ಬಿಸಿ ಚಹಾ ಕೊಟ್ಟ.

ಹಗಲು ಉದ್ದವಾಗತೊಡಗಿದ ಮೇಲೆ, ನಾಲ್ಕನೆಯ ಕ್ಯಾನಿನ ಗೋಡೆಯ ಒಳಗೆ ಹಸಿರಿನ ಒಂದು ಗೀಟು ಕಂಡಿತು. ಅವಳು ಟೇಪ್ ಬಿಚ್ಚಿ ನೋಡಲಿಲ್ಲ. ಮರುದಿನ ಎರಡು ಗೀಟು. ವಾರ ಕಳೆಯುವಷ್ಟರಲ್ಲಿ ಮೂರು ಕ್ಯಾನುಗಳಲ್ಲಿ ಹುಲ್ಲಿನಂಥ ಎಲೆ ಎದ್ದಿತು. ಉಳಿದೆರಡರಲ್ಲಿ ಕೊನೆಯವರೆಗೂ ಏನೂ ಏಳಲಿಲ್ಲ. ಬಿಸಿಲು ಹೆಚ್ಚಾದ ಒಂದು ದಿನ, ಹುಡುಗಿ ಬಂದು ಕ್ಯಾನುಗಳ ಮೇಲರ್ಧವನ್ನು ಹಿಂದಕ್ಕೆ ಮಗುಚಿ ಇಟ್ಟಳು. ಸಸಿಗಳು ಬಯಲಿಗೆ ಬಂದವು. ಅಂದು ಅವಳು ಅಲ್ಲೇ ಉಳಿದಳು.

ಹೋಯಿತು ಎಂದುಕೊಂಡಿದ್ದ ಚಳಿ ಅಂದು ರಾತ್ರಿಯೇ ತಿರುಗಿ ಬಂತು. ಬೆಳಿಗ್ಗೆ ಹುಡುಗಿ ಎದ್ದು ನೋಡಿದರೆ ದೊಡ್ಡಮ್ಮನ ಹಾಸಿಗೆ ಖಾಲಿ, ಹಾಸಿಗೆಯ ಮೇಲಿನ ಕಂಬಳಿಯೂ ಇಲ್ಲ. ಬರಿಗಾಲಲ್ಲೇ ಹಿತ್ತಲಿಗೆ ಓಡಿದಳು.

ಕಂಬಳಿಯಕ್ಕ ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದಳು. ಕಂಬಳಿ ಅವಳ ಹೆಗಲ ಮೇಲೆಯೇ ಇತ್ತು. ಮುಂದೆ ಕ್ಯಾನುಗಳು ತೆರೆದಂತೆಯೇ ಇದ್ದವು. ಸಸಿಗಳೆಲ್ಲ ಮಂಜು ಹಿಡಿದು, ಬಾಚಿದ ಕೂದಲಿನಂತೆ ಮಣ್ಣಿಗೆ ಅಂಟಿ ಮಲಗಿದ್ದವು.

"ಯಾವಾಗಿಂದ ಕೂತಿದ್ದೀಯ?"

"ಈಗ ಬಂದೆ."

ಸುಳ್ಳು ಎಂದು ಅವಳ ಮೂಗಿನ ಕೆಂಪೇ ಹೇಳುತ್ತಿತ್ತು. ಹುಡುಗಿ ಪಕ್ಕ ಕೂತಳು. ಕಂಬಳಿಯ ಒಂದು ತುದಿ ತಾನಾಗಿ ಅವಳ ಹೆಗಲಿಗೂ ಬಂತು. ಅದನ್ನು ಅವಳು ಕಿತ್ತೆಸೆಯಲಿಲ್ಲ.

"ಹೊದೆಸ್ಬೇಕು ಅನ್ನಿಸ್ಲಿಲ್ವಾ ದೊಡ್ಡಮ್ಮ?"

"ಅನ್ನಿಸ್ದೆ ಏನು. ಕೈ ಎರಡೂ ಕಂಕುಳಲ್ಲಿ ಇಟ್ಕೊಂಡು ಕೂತಿದ್ದೀನಿ ನೋಡು."

ಬಿಸಿಲು ಮೊದಲು ಎದುರು ಗೋಡೆಯ ತಲೆಗೆ ಬಂತು. ಅಲ್ಲಿಂದ ಬಟ್ಟೆ ಹಗ್ಗಕ್ಕೆ, ಹಗ್ಗದಿಂದ ನಲ್ಲಿಗೆ ಇಳಿಯಿತು. ಕ್ಯಾನುಗಳಿಗೆ ತಾಕಿದಾಗ ಮಂಜು ಹನಿಯಾಗಿ, ಹನಿ ಮಣ್ಣಿಗೆ ಇಳಿಯಿತು. ತುಂಬಾ ಹೊತ್ತು ಬೇರೇನೂ ಆಗಲಿಲ್ಲ. ಆಮೇಲೆ ತುದಿಯ ಕ್ಯಾನಿನಲ್ಲಿ ಒಂದು ಸಸಿ ಮಣ್ಣು ಬಿಟ್ಟು ಬೆರಳಿನಷ್ಟು ಮೇಲೆದ್ದಿತು. ಅದರ ಪಕ್ಕದ್ದು ಎದ್ದಿತು. ಹುಡುಗಿ ಎಣಿಸಲು ಶುರು ಮಾಡಿ ಹದಿನಾಲ್ಕಕ್ಕೆ ನಿಲ್ಲಿಸಿದಳು. ಕೆಲವು ಏಳಲಿಲ್ಲ.

ಕಂಬಳಿಯಕ್ಕ ಬಗ್ಗಿ, ಎದ್ದು ನಿಂತ ಒಂದು ಸಸಿಯ ಎಲೆಗೆ ಕೈಯ ಹಿಂಬದಿ ತಾಗಿಸಿದಳು. ತಣ್ಣಗಿತ್ತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸ್ವೆಟರಿನ ಖಾಲಿ ಜೇಬಿನಲ್ಲಿ ಇಟ್ಟುಕೊಂಡಳು.

"ಒಳಗೆ ಹೋಗಿ ನಿಮ್ಮಮ್ಮ ಮಲಗ್ತಿದ್ದ ಕೋಣೆ ಕಿಟಕಿ ತೆಗಿ," ಎಂದಳು. "ಸಂದೀಲಿ ಚಿಂದಿ ತುರುಕಿದ್ದೀನಿ. ಮೊದಲು ಅದನ್ನ ಕೀಳ್ಬೇಕು, ಬಿಗಿಯಾಗಿದೆ."