ತುರ್ಭೆಯಲ್ಲಿ ಮನೆ ಕಾದದ್ದು

ನಾನು ಫ್ರಿಜ್ ರಿಪೇರಿ ಮಾಡುವವನು. ಇದನ್ನು ಮೊದಲೇ ಹೇಳಬೇಕು, ಇಲ್ಲದಿದ್ದರೆ ತುರ್ಭೆ ಕೊಳೆಗೇರಿಯ ಗಲ್ಲಿಯೊಂದರ ಆ ಮನೆಯಲ್ಲಿ ನಾನೊಬ್ಬನೇ ಯಾಕೆ ಕೂತಿದ್ದೆ ಎಂದು ನಿಮಗೆ ಅನುಮಾನ ಬರಬಹುದು. ಮನೆ ಕಲಬುರಗಿ ಕಡೆಯ ಶರಣಮ್ಮನವರದು. ಗಂಡ ಲೋಡಿಂಗ್ ಕೆಲಸಕ್ಕೆ ಹೋಗಿದ್ದರು.

“ಅಣ್ಣಾ, ಮಗಳ್ನ ಸಾಲಿಯಿಂದ ಕರ್ಕೊಂಡು ಬರ್ತೀನ್ರಿ, ಇಲ್ಲೇ ಇರ್ರಿ. ಸರ್ವೆದವ್ರು ಬಂದಾಗ ಮನಿಗೆ ಕೀಲಿ ಇದ್ರ ಫ್ಲ್ಯಾಟ್ ಸಿಗಂಗಿಲ್ಲಂತ. ಹೊರಗ ಬಾಡಿಗಿ ಕೊಡೂದು ನಮ್ಮ ಕೈಲೆ ಆಗಂಗಿಲ್ರಿ,” ಎಂದು ಶರಣಮ್ಮ ಹೊರಟೇಬಿಟ್ಟರು.

ಆ ಗಲ್ಲಿಯ ಮನೆಗಳನ್ನು ಕೆಡವಿ, ಅಲ್ಲೇ ವಾಸವಿದ್ದವರಿಗೆ ಸರ್ಕಾರದವರು ಫ್ಲ್ಯಾಟ್ ಕೊಡುತ್ತಾರಂತೆ. ನಿಯಮ ಆಗಾಗ ಬದಲಾಗುತ್ತದೆ, ಸರ್ವೆ ಯಾವಾಗ ಎಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಅಲ್ಲಿ ಯಾರೂ ಬೀಗ ಹಾಕುವುದಿಲ್ಲ.

ಸರ್ವೆಯವರು ಆಗಲೇ ಬರಬೇಕೆ! “ತೂ ಕೌನ್? ಭಾಡೇಕರೂ?” ಎಂದು ಒಬ್ಬರು ಮರಾಠಿ ಬೆರೆಸಿದ ಹಿಂದಿಯಲ್ಲಿ ಕೇಳಿದರು.

ಬಾಡಿಗೆಯವನು ಎಂದರೆ ಶರಣಮ್ಮನ ಹಕ್ಕು ಹೋಗುತ್ತದೆ. ತಮ್ಮ ಎಂದರೆ ಆಧಾರ್ ಕೇಳುತ್ತಾರೆ.

“ಫ್ರಿಜ್‌ವಾಲಾ, ಸಾಹೇಬ್,” ಎಂದು ಹಿಂದಿಯಲ್ಲೇ ವಿವರಿಸಿದೆ. “ಜನ ಇಲ್ಲದ ಮನೆಯಲ್ಲಿ ಫ್ರಿಜ್ ಯಾರು ರಿಪೇರಿ ಮಾಡಿಸ್ತಾರೆ? ನೋಡಿ, ಹಾಲು ಇವತ್ತಿನದೇ.”

ಅವರು ಪಾತ್ರೆಗೆ ಬಗ್ಗಿ ಹಾಲನ್ನು ನಿಜವಾಗಿಯೂ ಮೂಸಿದರು. ನಗಲಿಲ್ಲ, ಆದರೆ ಮನೆಯವರು ಬರಲಿ ಎಂದು ಹೊಸ್ತಿಲ ಮೇಲೆ ಕೂತರು. ಶರಣಮ್ಮ ಏದುಸಿರು ಬಿಡುತ್ತ ಬಂದು ಸರ್ವೆಯವರ ಬೆರಳಚ್ಚು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರು.

“ಇನ್ನ ಮುಗೀತೇನ್ರಿ?” ಎಂದು ಶರಣಮ್ಮ ಕೇಳಿದ್ದನ್ನು ನಾನು ಹಿಂದಿಯಲ್ಲಿ ದಾಟಿಸಿದೆ.

ಇನ್ನೊಮ್ಮೆ ಬರುತ್ತೇವೆ, ಯಾವಾಗ ಎಂದು ನಮಗೂ ಗೊತ್ತಿಲ್ಲ ಎಂದು ಹೇಳಿ ಸರ್ವೆಯವರು ಹೋದರು.

ಈಗ ಯಾರಾದರೂ ಹೊರಗೆ ಹೋಗಬೇಕಾದಾಗಲೆಲ್ಲ ಆ ಗಲ್ಲಿಯಿಂದ ನನಗೆ ಕರೆ ಬರುತ್ತದೆ. ಹೆಚ್ಚಿನ ಫ್ರಿಜ್‌ಗಳು ಕೆಟ್ಟಿರುವುದಿಲ್ಲ.