ಸೈಕಲ್ ಎಡೆಕುಂಟೆಯ ಬಲಗಡೆ ಹಿಡಿಕೆ

ದೆವ್ವ, ಪವಾಡ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಚಹಾ ಕುಡಿಯಲು ಹೋಗುವ ಮನುಷ್ಯ ನಾನು. ಇದನ್ನು ಓದುತ್ತ ನೀವೂ ಹಾಗೆ ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ಹಾವೇರಿಯಲ್ಲಿ ನನ್ನದೊಂದು ಡ್ರಾಯಿಂಗ್ ಆಫೀಸು. ಮನೆ, ಯಂತ್ರಗಳ ಮಾಡೆಲ್ ಕಂಪ್ಯೂಟರಿನಲ್ಲಿ ಮಾಡಿ, ಅದಕ್ಕೆ ಜೋಡಿಸಿಕೊಂಡ ರೆಂಡರಿಂಗ್ ಪ್ಲಗಿನ್‌ನಿಂದ ಬಿಸಿಲು, ನೆರಳು, ಬಣ್ಣ ತುಂಬಿ ಫೋಟೋದಂಥ ಚಿತ್ರ ತೆಗೆದುಕೊಡುತ್ತೇನೆ. ನಾನು ಹಾಕದ ಒಂದು ಮೊಳೆಯೂ ಅದರಲ್ಲಿ ಬರುವುದಿಲ್ಲ ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ರಾಣೆಬೆನ್ನೂರಿನಿಂದ ಇಮಾಮಸಾಬರು ಬಂದರು. ಒಕ್ಕಲುತನದ ಸಾಮಾನು ಮಾಡುವ ವರ್ಕ್‌ಶಾಪು ಅವರದು. ಅವರ ತಂದೆ ಹಳೆ ಸೈಕಲ್ ಗಾಲಿಗೆ ಕುಂಟೆ ಜೋಡಿಸಿ, ಕೈಯಿಂದ ತಳ್ಳಿ ಕಳೆ ತೆಗೆಯುವ ಎಡೆಕುಂಟೆ ಮಾಡಿದ್ದರಂತೆ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಹೊಲಗಳಲ್ಲಿ ತಾವೇ ತಳ್ಳಿ ತೋರಿಸುತ್ತಿದ್ದರಂತೆ. ಜಾಗ ಸಾಲದೆಂದು ಇಮಾಮಸಾಬರು ಅದನ್ನು ತಂದೆಯನ್ನು ಕೇಳದೆ ಗುಜರಿಗೆ ಹಾಕಿಬಿಟ್ಟರು. ಅಂದಿನಿಂದ ತಂದೆ ಮಗನ ಜೊತೆ ಮಾತು ಬಿಟ್ಟರು. ಹಾಗೆಯೇ ತೀರಿಕೊಂಡರು.

"ಅದರದೊಂದು ಫೋಟೋನೂ ಇಲ್ರಿ. ಗ್ವಾಡಿಗೆ ಹಾಕಾಕ ಚಿತ್ರ ಮಾಡಿಕೊಡ್ರಿ. ಅಬ್ಬಾನ ಮುಂದ ತಪ್ಪಾತು ಅನ್ನಲಿಲ್ಲ. ಅದರ ಮುಂದರ ಅಂತೇನಿ," ಎಂದರು.

ಅಳತೆಯನ್ನೆಲ್ಲ ನೆನಪಿನಿಂದ ಗೇಣಿನ ಲೆಕ್ಕದಲ್ಲಿ ಹೇಳಿದರು. ನಾನು ಟೇಪು ಹಿಡಿದು ಅವರ ಗೇಣನ್ನೇ ಅಳೆದುಕೊಂಡೆ. ಹಿಡಿಕೆ ಜಾಲಿ ಕಟ್ಟಿಗೆಯದಂತೆ. ಜಾಲಿ ಪ್ಲಗಿನ್‌ನಲ್ಲಿ ಎಲ್ಲಿಂದ ಬರಬೇಕು? ಸಾಗವಾನಿ ಹಾಕಿದೆ, ನುಣ್ಣನೆಯ ಹೊಸ ಸಾಗವಾನಿ.

ಮರುದಿನ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಚಿತ್ರ ತಯಾರಾಗಿತ್ತು. ಹಿಡಿಕೆಗಳು ಹೊಸದಾಗಿರಲಿಲ್ಲ. ಎಡಗಡೆಯದರ ಮೇಲೆ ನಾಲ್ಕು ಬೆರಳು ಹಿಡಿದು ಹಿಡಿದು ಸವೆದ ಗುರುತು. ಬಲಗಡೆ ಮೂರೇ. ಕಿರುಬೆರಳು ಬರುವ ಜಾಗದಲ್ಲಿ ಕಟ್ಟಿಗೆ ಸವೆದೇ ಇರಲಿಲ್ಲ. ಪ್ಲಗಿನ್ ಏನೋ ಎಡವಟ್ಟು ಮಾಡಿದೆ ಎಂದು ಬೈದುಕೊಳ್ಳುತ್ತಿದ್ದೆ, ಇಮಾಮಸಾಬರು ಬಂದೇಬಿಟ್ಟರು.

"ಹಿಡಿಕಿ ತಪ್ಪು ಬಂದೈತ್ರಿ. ಅಳಸಿ ಕೊಡ್ತೇನಿ, ಕುಂದ್ರಿ," ಎಂದೆ.

ಅವರು ಕೂರಲಿಲ್ಲ. "ಅಬ್ಬಾಗ ಬಲಗೈ ಕಿರುಬೆರಳು ಇದ್ದಿದ್ದಿಲ್ರಿ. ಸಣ್ಣಾವ ಇದ್ದಾಗ ಹೋಗಿತ್ತಂತ. ನಾ ನಿಮಗ ಹೇಳಿದ್ನೇನ್ರಿ?"

ಹೇಳಿರಲಿಲ್ಲ. ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನಿದೆ. ಅವರು ತಮ್ಮ ಕಿರುಬೆರಳು ಮಡಚಿ, ಉಳಿದ ಮೂರು ಬೆರಳನ್ನು ಪರದೆಯ ಮೇಲಿನ ಹಿಡಿಕೆಗೆ ಹಚ್ಚಿದರು.

"ಅಳಸಬ್ಯಾಡ್ರಿ," ಎಂದರು.

ಅದನ್ನೇ ಪ್ರಿಂಟ್ ತೆಗೆದುಕೊಟ್ಟೆ. ಅವರು ಹೋದಮೇಲೆ ಹಿಡಿಕೆಗೆ ಹಾಕಿದ್ದ ಸಾಗವಾನಿಯ ಫೈಲನ್ನು ಕಂಪ್ಯೂಟರಿನಲ್ಲಿ ಬಿಚ್ಚಿ ನೋಡಿದರೆ ಒಂದು ಗೀರೂ ಇಲ್ಲ. ಅದೇ ಮಾಡೆಲ್, ಅದೇ ಬಿಸಿಲು ಇಟ್ಟು ಮತ್ತೆ ತೆಗೆದೆ. ಹೊಸ ಹಿಡಿಕೆಯೇ ಬಂತು. ಈಗಲೂ ಆಗಾಗ ತೆಗೆಯುತ್ತೇನೆ, ಹೊಸದೇ ಬರುತ್ತದೆ. ಬಲ್ಲವರು ಪ್ಲಗಿನ್ ಹಾಕುವ ಬೆಳಕಿನ ಲೆಕ್ಕ ತಪ್ಪಿರಬೇಕು ಎಂದರು. ಇರಬಹುದು.

ಮೊನ್ನೆ ರಾಣೆಬೆನ್ನೂರಿಗೆ ಹೋದಾಗ ಅವರ ವರ್ಕ್‌ಶಾಪಿನಲ್ಲಿ ಆ ಚಿತ್ರ ನೋಡಿದೆ. ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ದಿನಾ ಕೈ ಹಚ್ಚಿ ಹಚ್ಚಿ ಬಲಗಡೆ ಹಿಡಿಕೆಯ ಮೇಲೆ ಗಾಜು ಮಬ್ಬಾಗಿದೆ, ಮೂರು ಬೆರಳಿನಷ್ಟು. ಅದು ಇಮಾಮಸಾಬರ ಕೈ, ಗೊತ್ತು. ಗಾಜಿನ ಒಳಗಿರುವುದು ಯಾರದೆಂದು ಮಾತ್ರ ನಾನು ಇಂದಿಗೂ ಹೇಳಲಾರೆ.